ಪುಟ್ಟ ಪರದೆಯ ಮೇಲಿನ ಕುರ್ಚಿ

ಸಭೆಯಲ್ಲಿರುವ ಹಿರಿಯರಿಗೆ, ನಮ್ಮ ಕಾರ್ಖಾನೆಯ ಗೆಳೆಯ ಗೆಳತಿಯರಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ದೊಡ್ಡಕ್ಕನ ಮನೆಯವರಾದ ಭಾವನವರಿಗೆ, ಮಗಳಿಗೆ, ಅತ್ತೆಯವರಿಗೆ — ಅಮ್ಮಾ, ನಿಮಗೆ — ಏನು ಹೇಳಲಿ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಸಮಾಧಾನದ ಮಾತು ಒಂದೂ ಹೊಳೀಲಿಲ್ಲ. ಅದಕ್ಕೇ ಕೆಲಸದ ಮಾತೇ ಆಡ್ತೀನಿ. ದೊಡ್ಡಕ್ಕನಿಗೂ ಅದೇ ಇಷ್ಟ.

ನಾವು ಮಾಡೋದು ಉಸಿರಾಟದ ಯಂತ್ರ. ಮನೇಲಿ ಇಟ್ಕೊಳ್ಳೋದು — ಇಷ್ಟೇ, ಒಂದು ಊಟದ ಡಬ್ಬಿಯಷ್ಟು. ಮುಂದೆ ಬೆಂಕಿಪೊಟ್ಟಣದಷ್ಟು ಪರದೆ. ಅದರೊಳಗಿನ ಪ್ರೋಗ್ರಾಂ ಬರೆದವರು, ಇಡೀ ಕಾರ್ಖಾನೆಗೇ ದೊಡ್ಡಕ್ಕ ಆಗಿದ್ದ ನಮ್ಮ ದೊಡ್ಡಕ್ಕ. ಪರೀಕ್ಷೆ ಮಾಡಿ ಸಹಿ ಹಾಕೋದು ನನ್ನ ಕೆಲಸ. ಇಬ್ಬರ ಮೇಜೂ ಅಕ್ಕಪಕ್ಕ, ದಿನಾ ಜಗಳ, ದಿನಾ ಒಟ್ಟಿಗೆ ಊಟ.

ಅಮ್ಮಾ, ಈ ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲು ತಯಾರಾದ ಯಂತ್ರವನ್ನ ದೊಡ್ಡಕ್ಕ ತಮ್ಮ ಮನೆಗೇ ಒಯ್ದಿದ್ದರು. ಒಂದು ಸಂಜೆ ಅಮ್ಮನಿಗೆ ಉಬ್ಬಸ ಬಂತು. ಸ್ವಿಚ್ ಒತ್ತಿದರು. ಪರದೆ ಕಪ್ಪು. ಯಂತ್ರ ಒಳಗೆ ಏಳ್ತಾ ಇದೆ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆದರೆ ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಕೆಟ್ಟಿದೆ ಅಂದ್ಕೊಂಡು ಆರಿಸಿದರು. ಮತ್ತೆ ಒತ್ತಿದರು. ಮತ್ತೆ ಆರಿಸಿದರು. ಪ್ರತಿ ಸಲವೂ ಯಂತ್ರ ಮೊದಲಿಂದ ಶುರು. ದೊಡ್ಡಕ್ಕ ಅಡುಗೆಮನೆಯಿಂದ ಓಡಿ ಬರೋ ಹೊತ್ತಿಗೆ ಅಮ್ಮನ ತುಟಿ ನೀಲಿ! ಸುಧಾರಿಸಿಕೊಂಡ ಮೇಲೆ ಸೊಸೆಗೆ ಏನಂದರು ಗೊತ್ತಾ? “ನಿನ್ನ ಯಂತ್ರ ಕಣ್ಣೇ ಬಿಡಲ್ಲ ಕಣೇ. ನಾನು ಏನಂತ ನಂಬಲಿ?”

ಮಾರನೇ ದಿನ ದೊಡ್ಡಕ್ಕ ಬಂದು ಕೂತರು. ಮುಖ ಕೆಂಡ. “ಮೊದಲು ಚಿತ್ರ, ಆಮೇಲೆ ಮಿಕ್ಕಿದ್ದು” — ಅಷ್ಟೇ ಮಾತು. ದೊಡ್ಡ ಪ್ರೋಗ್ರಾಂಗಿಂತ ಮುಂಚೆ ಏಳೋ ಪುಟಾಣಿ ಪ್ರೋಗ್ರಾಂ ಒಂದಿರುತ್ತೆ, ಅದರೊಳಗೆ ಚಿತ್ರ ತುರುಕಬೇಕು. ಅಲ್ಲಿ ಜಾಗ ಸಾಸಿವೆಯಷ್ಟು. ಪರದೆಯ ದೀಪವನ್ನೂ ಚಿತ್ರ ಕೂತ ಮೇಲೇ ಹಚ್ಚಬೇಕು, ಅವಸರಪಟ್ಟರೆ ಬರೀ ಚುಕ್ಕಿ ಚುಕ್ಕಿ. ಸಾಧಿಸಿದರು ನೋಡಿ, ಹಟಮಾರಿ!

ಯಾವ ಚಿತ್ರ? ಮೊದಲು ಅಂಗೈ ಬರೆದರು — ತಾಳಿ ಅನ್ನೋ ಹಾಗೆ, ಹೀಗೆ. “ಹತ್ತಿರ ಬಂದ್ರೆ ಬಾರಿಸ್ತೀನಿ ಅನ್ನೋ ಹಾಗಿದೆಯಲ್ರೀ” ಅಂದೆ. ಆಮೇಲೆ ಕುರ್ಚಿ ಬರೆದರು. “ಮನೆಗೆ ಯಾರಾದ್ರೂ ಬಂದ್ರೆ ಏನಂತೀವಿ? ಕೂತ್ಕೊಳ್ಳಿ, ಬಂದೆ ಅಂತೀವಿ. ಉಬ್ಬಸ ಬಂದೋರು ಕೂರಲೂ ಬೇಕು.” ನಮ್ಮ ಕಾರ್ಖಾನೆಯ ಯಜಮಾನರು — ಇಲ್ಲೇ ಇದ್ದಾರೆ — “ನಮ್ಮದೇನು ಫರ್ನಿಚರ್ ಅಂಗಡಿನಾ?” ಅಂದರು. ಆದರೂ ಒಪ್ಪಿದರು.

ಕುರ್ಚಿ ಮೊದಲ ಸಲ ಬಂದಾಗ ಕಾಲು ಮೇಲೆ! ಪರದೆಯನ್ನೇ ತಲೆಕೆಳಗಾಗಿ ಕೂರಿಸಿದ್ದರು. ದೊಡ್ಡಕ್ಕ ಪ್ರೋಗ್ರಾಂನಲ್ಲಿ ಚಿತ್ರ ತಿರುಗಿಸಿದರು. ಅತ್ತ ಯಂತ್ರದ ಡಬ್ಬಿ ಜೋಡಿಸೋ ವಿಭಾಗದ ಅಣ್ಣ, ಪಾಪ, ತನ್ನದೇ ತಪ್ಪು ಅಂತ ಯಾರಿಗೂ ಹೇಳದೆ ಪರದೆ ತಿರುಗಿಸಿಬಿಟ್ಟ. ಒತ್ತಿ ನೋಡಿದರೆ — ಮತ್ತೆ ಕಾಲು ಮೇಲೆ! ದೊಡ್ಡಕ್ಕ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡರು. “ಇನ್ಮೇಲೆ ಯಾರೂ ಹೇಳದೆ ಕೇಳದೆ ಒಳ್ಳೇದು ಮಾಡಬೇಡ್ರಪ್ಪ!”

ಈಗ ವಿಷಯಕ್ಕೆ ಬರ್ತೀನಿ. ಹೊಸ ಯಂತ್ರ ಬರ್ತಿದೆ, ಬಣ್ಣದ ಪರದೆ. ಅದರಲ್ಲಿ ಕುರ್ಚಿ ಬೇಡ, ಕಂಪನಿಯ ಲೋಗೋ ಗಿರಗಿರ ತಿರುಗಬೇಕು ಅಂತ ಮೀಟಿಂಗಲ್ಲಿ ತೀರ್ಮಾನ ಆಗಿದೆ. ಲೋಗೋ ಭಾರ. ದೊಡ್ಡ ಪ್ರೋಗ್ರಾಂ ಎದ್ದ ಮೇಲೇ ಅದು ಬರೋದು. ಅಲ್ಲೀವರೆಗೆ? ಕಪ್ಪು. ಅದೇ ಕಪ್ಪು.

ಹೊಸ ಪರದೆಗೂ ದೊಡ್ಡಕ್ಕ ಕುರ್ಚಿ ಕೂರಿಸಿಯೇ ಆಸ್ಪತ್ರೆ ಸೇರಿದ್ದರು. ಮೀಟಿಂಗಿನ ಸುದ್ದಿ ಹೇಳೋಕೆ ಹೋದೆ. ದನಿಯೇ ಏಳ್ತಿರಲಿಲ್ಲ. ಹತ್ತಿರ ಬಗ್ಗಿದೆ. “ಕುರ್ಚಿ ತೆಗೆದ್ರೆ ನಾನು ಎದ್ದು ಬರ್ತೀನಿ ಅಂತ ಹೇಳು ಅವರಿಗೆ” ಅಂದರು. ಇಬ್ಬರೂ ನಕ್ವಿ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ದೊಡ್ಡಕ್ಕ ಎದ್ದು ಬರಲ್ಲ. — ನಾನಿದ್ದೀನಿ.

ಯಜಮಾನರೇ, ಇದು ಸಮಯವಲ್ಲ ಅಂತ ನಿಮಗೆ ಅನ್ನಿಸಬಹುದು. ಇದೇ ಸಮಯ. ಲೋಗೋ ಬರಲಿ, ಬೇಡ ಅನ್ನಲ್ಲ. ಕುರ್ಚಿ ಆದಮೇಲೆ ಬರಲಿ. ಒತ್ತಿದ ಕೂಡಲೇ ಕಣ್ಣು ಬಿಡದ ಯಂತ್ರಕ್ಕೆ ನನ್ನ ಸಹಿ ಬೀಳಲ್ಲ. ನನ್ನನ್ನ ತೆಗೆದು ಬೇರೆಯವರನ್ನ ಕೂರಿಸ್ತೀರಾ? ಕೂರಿಸಿ. ಅವರ ಮೇಜಿನ ಮುಂದೆಯೂ ಹೋಗಿ ನಿಲ್ತೀನಿ.

ತಲೆ ಆಡಿಸ್ತಿದ್ದೀರಿ. — ಇಲ್ಲ ಸಾರ್, ಬಾಯಿಬಿಟ್ಟು ಹೇಳಿ, ಹಿಂದಿನ ಸಾಲಿಗೂ ಕೇಳಿಸಲಿ. —

ಹಾಂ. ಎಲ್ಲರೂ ಕೇಳಿಸ್ಕೊಂಡ್ರಲ್ಲ? “ಕುರ್ಚಿ ಇರುತ್ತೆ” ಅಂದರು. ಭಾವ, ನೀವೂ ಕೇಳಿಸ್ಕೊಂಡ್ರಿ ತಾನೇ? ಸಾಕು. ನನ್ನ ಮಾತು ಮುಗೀತು.

ಈಗ ದೊಡ್ಡಕ್ಕನಿಗಾಗಿ ಎಲ್ಲರೂ ಎದ್ದು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ.

ಅಮ್ಮಾ — ನೀವು ಏಳಬೇಡಿ. ನೀವು ಕೂತೇ ಇರಿ.