ನೇಪಾಳದ ರೂಪಾಯಿ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಭಾಗ್ಯಲಕ್ಷ್ಮಿಗೆ ಸೀಟು ಸಿಕ್ಕಿತ್ತು. ಒಂದು ಗಳಿಗೆ ಕಣ್ಣು ಮುಚ್ಚೋಣ ಎನ್ನುವಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ವಯಸ್ಸಾದ ಹೆಂಗಸಿನ ದನಿ ಏರಿತು.

“ಕೊಟ್ರೇಶ, ನೇಪಾಳದ ಟೂರಿನಾಗೆ ನಮ್ಮ ರೊಕ್ಕ ಹೆಂಗೆ ಬದಲಿಸ್ದೆ?”

“ಒಂದಕ್ಕೊಂದು, ಚಿಗವ್ವ. ನಮ್ಮ ಹತ್ತು ಸಾವಿರಕ್ಕೆ ಅವರ ಹತ್ತು ಸಾವಿರ.”

“ಎಂ.ಸಿ.ಸಿ. ಬಡಾವಣೆಯಾಗೆ ನೂಡಲ್ಸ್ ಗಾಡಿ ಇಟ್ಟಿರೋ ನೇಪಾಳದಾಕಿ ಬೇರೆ ಹೇಳಿದ್ಲು. ನಮ್ಮ ನೂರಕ್ಕೆ ಅಲ್ಲಿ ನೂರಾ ಅರವತ್ತು ಬರತೈತಂತೆ.”

“ಮೆಲ್ಲಕ ಮಾತಾಡ್ರಿ. ಟೂರು ಕರ್ಕಂಡು ಹೋದ ನನಗೂ ಖರ್ಚು ಇರ್ತಾವು.”

“ಖರ್ಚಿಗೆ ಮೊದಲೇ ಇಸ್ಕಂಡಿದ್ದೆ! ಪಶುಪತಿನಾಥನ ಗುಡಿಯಾಗೆ ನಿನ್ನ ಚಿಗಪ್ಪನ ಹೆಸರಿಗೆ ಅಭಿಷೇಕ ಮಾಡಿಸಾಕೆ ರೊಕ್ಕ ಸಾಲದೆ ಹಂಗೇ ಬಂದೆ. ಪಕ್ಕದಾಗೇ ನಿಂತಿದ್ದ ನೀನು ಬಾಯಿ ಬಿಡಲಿಲ್ಲ.”

ಕೊಟ್ರೇಶನ ಕುತ್ತಿಗೆ ಬೆವೆತದ್ದು ಭಾಗ್ಯಲಕ್ಷ್ಮಿಗೆ ಹಿಂದಿನಿಂದಲೇ ಕಾಣುತ್ತಿತ್ತು.

“ತಪ್ಪಾತು. ನಿಮ್ಮದು ಈಗ್ಲೇ ಕೊಟ್ಬಿಡ್ತೀನಿ. ಬೇರೆಯೋರಿಗೆ ಮಾತ್ರ ಹೇಳಬ್ಯಾಡ್ರಿ.”

“ನಾನ್ಯಾಕ ಹೇಳ್ಲಿ? ನೀನೇ ಹೇಳ್ತಿ. ನಮ್ಮ ಜೊತೆ ಬಂದ ಹನ್ನೊಂದು ಮಂದಿ ಮನಿನೂ ಹರಿಹರದಾಗೇ ಅವೆ.”

“ಹರಿಹರಕ್ಕೆ ಊಟಕ್ಕೆ ಹೋಗಣ ಅಂತ ಕರ್ಕಂಡು ಬಂದ್ರಲ್ಲ!”

“ಇಲ್ಲಾಂದ್ರೆ ನೀನು ಬರ್ತಿದ್ಯಾ?”

ಹರಿಹರದಲ್ಲಿ ಬಸ್ಸು ನಿಂತಿತು. ಕೊಟ್ರೇಶ ಕೂತಲ್ಲಿಂದ ಅಲುಗಲಿಲ್ಲ. ಚಿಗವ್ವ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

“ಮೊದಲು ತಿಮ್ಮವ್ವನ ಮನಿ. ರೊಕ್ಕ ಮುಗೀತು ಅಂತ ಅಲ್ಲಿ ಎರಡು ದಿನ ಬರೀ ಚಾ ಕುಡಿದು ಇದ್ದಾಕಿ. ಬಾಗಿಲು ನೀನೇ ಬಡಿಬೇಕು.”

ಭಾಗ್ಯಲಕ್ಷ್ಮಿ ಓಡಾಡುವ ದಾರಿಗೆ ಚಾಚಿದ್ದ ಕಾಲು ಸರಿಸಿ ದಾರಿ ಬಿಟ್ಟಳು. ಅವನನ್ನು ಮುಂದೆ ಬಿಟ್ಟುಕೊಂಡು ಚಿಗವ್ವ ಬಸ್ಸಿಳಿದಳು.