ಹೊಸ್ತಿಲ ಕೆಳಗಿನ ಕೊಳವೆ

ಸಭೆಯ ಅಧ್ಯಕ್ಷೆ, ನಮ್ಮ ಭಟ್ಟಿಮನೆಯ ಒಡತಿ ಶ್ರೀಮತಿ ಊನಾ ಮ್ಯಾಕ್‌ಫೀ ಅವರೇ, ಈ ಗಾಳಿಯಲ್ಲೂ ದೋಣಿ ಹತ್ತಿ ಬಂದ ಅತಿಥಿಗಳೇ, ಮೂವತ್ತೆಂಟು ವರ್ಷದಿಂದ ಇಲ್ಲಿ ವಿಸ್ಕಿ ಇಳಿಸುತ್ತಿರುವ ಮುರ್ಡೊ ಅವರೇ, ನಮ್ಮ ದ್ವೀಪದ ಸಭಿಕರೇ,

ನನ್ನ ಮಾತು ಮುಗಿದ ಮೇಲೆ ಊನಾ ಅವರು ಆ ಕೆಂಪು ಚಕ್ರ ತಿರುಗಿಸುತ್ತಾರೆ, ತಾಮ್ರದ ಹಂಡೆಗೆ ಮೊದಲ ಸಲ ಆವಿ ಬರುತ್ತದೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ನನ್ನ ಮಾತು ಬೇಗ ಮುಗಿಯಲಿ ಎಂದು ನೀವೆಲ್ಲ ಬಯಸುತ್ತಿರಬಹುದು. ಮುಗಿಯದಿರಲಿ ಎಂದು ನಾನು ಬಯಸುತ್ತಿದ್ದೇನೆ.

ಹಂಡೆಯ ಕೆಳಗಿನ ಬೆಂಕಿ ತೆಗೆದು ಆವಿಯಿಂದ ಕಾಯಿಸುವ ಈ ಏರ್ಪಾಡಿನ ನಕ್ಷೆ ಬರೆದವನು ನಾನು. ಆವಿ ಹುಟ್ಟಿಸುವ ಬಾಯ್ಲರ್ ಎಲ್ಲಿಡಬೇಕು? ಹಂಡೆಯ ಪಕ್ಕದಲ್ಲಿಟ್ಟರೆ ಕೊಳವೆ ಗಿಡ್ಡ. ಆದರೆ ಮದ್ಯದ ಹಬೆ ಆಡುವ ಜಾಗದಲ್ಲಿ ಬೆಂಕಿ ಇಡಲು ಯಾರಿಗೆ ಧೈರ್ಯ? ನನಗಂತೂ ಇಲ್ಲ. ಅಂಗಳದಾಚೆಯ ಹಳೆಯ ಕುದುರೆ ಲಾಯದಲ್ಲಿಟ್ಟೆ. ಅಲ್ಲಿಂದ ಕೊಳವೆ ಈ ದೊಡ್ಡ ಬಾಗಿಲ ಮೇಲೆ ಹಾದು, ಇಳಿಜಾರಾಗಿ ಹಂಡೆಗೆ ಬರಬೇಕಿತ್ತು. ಆವಿ ತಣಿದು ನೀರಾದರೆ ಆ ನೀರು ಎಲ್ಲಿಯೂ ನಿಲ್ಲಬಾರದು.

ಮುರ್ಡೊ ಅವರು ನಕ್ಷೆ ನೋಡಿ, "ಏ ಕ್ಯಾಲಮ್, ತುಂಬಿದ ಪೀಪಾಯಿ ಹೊರಗೆ ಹೋಗೋ ಬಾಗಿಲು ಕಣೋ ಇದು! ಅದರ ನೆತ್ತಿ ಮೇಲೆ ನಮ್ಮಜ್ಜ ಅಪಶಕುನ ಅಂತ ಒಂದು ಹಗ್ಗ ಕೂಡ ಕಟ್ಟೋಕೆ ಬಿಟ್ಟಿರಲಿಲ್ಲ. ನಿನ್ನ ಕೊಳವೆ ಬೇಕಾದ್ರೆ ನೆಲದಡಿ ತೂರ್ಕೊಂಡು ಹೋಗ್ಲಿ" ಎಂದರು. "ಬೆಂಕಿಗಾದ್ರೆ ಮುಖ ಇರತ್ತೆ, ನೋಡಿ ಬೈಬಹುದು. ನಿನ್ನ ಆವಿಗೆ ಮುಖಾನೇ ಇಲ್ವಲ್ಲೋ!" ಎಂದು ನಕ್ಕರು.

ನಾನೂ ನಕ್ಕೆ. ಒಪ್ಪಿದೆ. ಕೊಳವೆ ಹೊಸ್ತಿಲ ಕೆಳಗೆ ಇಳಿದು ಮತ್ತೆ ಏರಿತು. ಆ ತಗ್ಗಿನಲ್ಲಿ ಗುಂಡಿ ತೋಡಿಸಿ, ನಿಂತ ನೀರು ಬಿಡಲು ಒಂದು ನಲ್ಲಿ ಇಡಿಸಿದೆ.

ನನ್ನ ತಂದೆಯ ವಿಷಯ ಇಲ್ಲಿ ಬೇಡವಾಗಿತ್ತು. ಆದರೂ ಹೇಳುತ್ತೇನೆ. ಅವರು ಕಡಲಾಚೆ ಒಂದು ಭಟ್ಟಿಮನೆಯಲ್ಲಿದ್ದರು. ತಣ್ಣಗಿನ ಕೊಳವೆಯಲ್ಲಿ ನೀರು ನಿಂತಿತ್ತು. ಯಾರೋ ಅವಸರದಲ್ಲಿ ಚಕ್ರ ತಿರುಗಿಸಿದರು. ಆವಿ ಆ ನೀರನ್ನು ಗುಂಡಿನ ಹಾಗೆ ನೂಕಿತು, ಕೊಳವೆಯ ತಿರುವು ಸಿಡಿಯಿತು. ಮನೆಗೆ ಬಂದಾಗ ಅವರ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಅಮ್ಮ ಓಟ್ಸ್ ಗಂಜಿ ತಿನ್ನಿಸುವಾಗಲೆಲ್ಲ ಅವರದು ಒಂದೇ ಮಾತು: "ನೀರಿದೆ ಅಂತ ನಂಗೆ ಗೊತ್ತಿತ್ತು ಕಣೇ. ಮೇಸ್ತ್ರಿ ಎದುರು ಹೇಳೋಕೆ ನಾಚ್ಕೆ ಆಯ್ತು."

ನಾಚಿಕೆ ತಂದೆಯಿಂದ ಮಗನಿಗೆ ಬರುತ್ತದೆಯೇ? ಬರುತ್ತದೆ, ಸಭಿಕರೇ. ಶುಕ್ರವಾರ ಕೊಳವೆಗೆ ನೀರು ತುಂಬಿ, ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡಿದೆವು. ತಗ್ಗಿನಲ್ಲಿ ಉಳಿದ ನೀರನ್ನು ಇಂದು ಬೆಳಿಗ್ಗೆ ಬಿಡಬೇಕಿತ್ತು. ನಾನು ಬರುವಷ್ಟರಲ್ಲಿ ಗುಂಡಿಯ ಮುಚ್ಚಳದ ಮೇಲೆ ಈ ಜಮಖಾನೆ ಹಾಸಿ, ಕುರ್ಚಿ ಇಟ್ಟು, ಅತಿಥಿಗಳನ್ನು ಕೂರಿಸಿ ಆಗಿತ್ತು. ಊನಾ ಅವರು, "ಎಲ್ಲಾ ಸರಿ ಇದೆ ತಾನೆ, ಕ್ಯಾಲಮ್?" ಎಂದು ಕೇಳಿದರು. ನಾನು, "ಸರಿ ಇದೆ ಅಮ್ಮಾ" ಎಂದೆ.

ಸರಿ ಇಲ್ಲ ಅಮ್ಮಾ. ದಯವಿಟ್ಟು ಚಕ್ರದಿಂದ ಕೈ ತೆಗೆಯಿರಿ.

ಮೊದಲ ಸಾಲಿನವರು ಎದ್ದು ಅಂಗಳಕ್ಕೆ ನಡೆಯಿರಿ. ಹಿಂದಿನವರೂ ಹೊರಡಿ. ಓಡಬೇಡಿ. ಚಕ್ರ ಮುಚ್ಚಿರುವವರೆಗೆ ಅಪಾಯವಿಲ್ಲ.

ಮುರ್ಡೊ ಅವರೇ, ಜಮಖಾನೆ ಎಳೆಯಿರಿ. ಮುಚ್ಚಳ ಎತ್ತಿ. ನಲ್ಲಿ ತಿರುಗಿಸಿ.

ಕೇಳಿಸಿತೇ? ಎಷ್ಟು ನೀರು! ಇಷ್ಟನ್ನೂ ಕಾಲಡಿ ಇಟ್ಟುಕೊಂಡು ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಹಂಡೆಯ ಕುತ್ತಿಗೆಗೆ ತಟ್ಟಿ ನೊರೆ ಎಷ್ಟು ಏರಿತೆಂದು ಸದ್ದಿನಿಂದಲೇ ತಿಳಿಯುವಿರಲ್ಲ, ಆ ಮರದ ಚೆಂಡು ತನ್ನಿ. ಕೊಳವೆಗೆ ತಟ್ಟಿ. ಸದ್ದು ಮಂದವಾಗಿದೆ, ಇನ್ನೂ ನೀರಿದೆ. ಕಾಯೋಣ. ಅತಿಥಿಗಳ ದೋಣಿಯೂ ಕಾಯಲಿ.

ಈಗ ತಟ್ಟಿ. ಇನ್ನೊಮ್ಮೆ.

ಗಂಟೆಯ ಹಾಗಿದೆ, ಕೊಳವೆ ಖಾಲಿ. ನನ್ನ ತಂದೆ ಕೇಳಬೇಕಾಗಿದ್ದ ಸದ್ದು ಇದು.

ಊನಾ ಅವರೇ, ಇನ್ನು ಚಕ್ರ ಮುಟ್ಟಬಹುದು. ಕಾಲು ಸುತ್ತು ಮಾತ್ರ. ನಲ್ಲಿ ತೆರೆದೇ ಇರಲಿ. ತಿರುವಿನ ಹತ್ತಿರ ನಾನೊಬ್ಬನೇ ಕಿವಿಗೊಟ್ಟು ನಿಲ್ಲುತ್ತೇನೆ. ನನ್ನ ಮಾತು ಕೇಳಿ ಕೂತವರಿಗಿಂತ, ಕೇಳಿದ ಕೂಡಲೇ ಎದ್ದು ಹೋದವರಿಗೆ ನಾನು ಹೆಚ್ಚು ಕೃತಜ್ಞ. ಅಂಗಳದಲ್ಲಿರುವ ನಿಮ್ಮೆಲ್ಲರಿಗೂ ಇಲ್ಲಿಂದಲೇ ನಮಸ್ಕಾರ.