ತವುಡಿಗೆ ಮಾರಿದ ಮಗ

ಮಾನ್ಯ ಅಧ್ಯಕ್ಷರೇ, ವರ್ಗವಾಗಿ ಹೊರಟಿರುವ ನಮ್ಮ ಡಾಕ್ಟರ್ ಸಾಹೇಬರೇ, ಕುರ್ಚಿ ಸಿಕ್ಕ ಗಣ್ಯರೇ, ಕುರ್ಚಿ ಸಿಗದೆ ಜಮಖಾನದ ಮೇಲೆ ಕೂತ ನನ್ನ ಮಿಲ್ಲಿನ ಜನರೇ, ಸಭಿಕರೇ,

ನಾನು ಫಕೀರಪ್ಪ, ನಿಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿ. ಡಾಕ್ಟರನ್ನು ಹೊಗಳಿ ಎರಡು ಮಾತಾಡು ಅಂದಿದ್ದಾರೆ. ಮಾಲೀಕರನ್ನು ಬೈದು ಬೈದು ನನ್ನ ನಾಲಿಗೆ ಒಂದೇ ಕಡೆ ತಿರುಗುತ್ತದೆ, ಹೊಗಳಿಕೆ ಬರುವುದಿಲ್ಲ. ಅವರು ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಕೂರುತ್ತೇನೆ.

ಹೋದ ತಿಂಗಳು ಗೇಟಿನ ಮುಂದೆ ಘೋಷಣೆ ಕೂಗುತ್ತಿದ್ದವನು ಅರ್ಧಕ್ಕೇ ಕುಸಿದೆ. ಮೈಯೆಲ್ಲ ಬೆವರು, ಎಡಗೈ ಸೆಳೆತ. ಆಗ ನನ್ನ ಬಾಯಿಂದ ಒಂದು ಮಾತು ಬಂತು: "ಎದೆ ಮ್ಯಾಲೆ ಯಾರೋ ಕುಂತಾರೆ, ಎಬ್ಬಿಸ್ರಪ್ಪ."

ಆ ಮಾತು ನನ್ನದಲ್ಲ. ಹರಿಹರದಲ್ಲಿ ಅಜ್ಜಪ್ಪ ಎಂಬುವನು ಬಚ್ಚಲ ಕಲ್ಲಿನ ಮೇಲೆ ಕೂತು ಅದೇ ಮಾತಾಡಿ ಸತ್ತ. ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಅವನ ತಮ್ಮ ಕೊಂಡಜ್ಜಿಯಲ್ಲಿ ಕುರಿ ಕಾಯುತ್ತ ಅದೇ ಮಾತಾಡಿ ಸತ್ತ. ಅಜ್ಜಪ್ಪನ ಹಿರಿಮಗ ಕೊಟ್ಟೂರಪ್ಪ, ನಿಮ್ಮೆಲ್ಲರ ಗೆಳೆಯ, ಮಗ್ಗದ ಮುಂದೆ ಕುಸಿದಾಗ ಮ್ಯಾನೇಜರು 'ಕುಡಿದಿದ್ದಾನೆ' ಎಂದ. ನನ್ನ ತೊಡೆಯ ಮೇಲೆ ತಲೆಯಿಟ್ಟು ಅವನೂ ಅದೇ ಮಾತಾಡಿದ. ಯಾರು ಕಲಿಸಿದ್ದರು ಅವನಿಗೆ? ನನಗೆ ಯಾರು ಕಲಿಸಿದರು?

ಮಿಲ್ಲು ಕೊಂದಿತು ಎಂದು ಮೆರವಣಿಗೆ ಮಾಡಿದೆವು. ಅದೇನೂ ಸುಳ್ಳಲ್ಲ, ನಾಳೆ ಮತ್ತೆ ಮಾಡೋಣ. ಆದರೆ ಕುರಿ ಕಾಯುವವನನ್ನು ಯಾವ ಮಿಲ್ಲು ಕೊಂದಿತು?

ಅಜ್ಜಪ್ಪ ಸತ್ತಾಗ ಅವನ ಹೆಂಡತಿ ರಂಗವ್ವ ಬಸುರಿ. ಹೆತ್ತ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯ ಹಯಾತ್ ಸಾಬರ ಹೆಂಡತಿ ಹಜೀರಾಬೀ ತವುಡು ಕೊಟ್ಟು ಕೊಂಡಳು, ಫಕೀರಪ್ಪ ಎಂದು ಕರೆದಳು. ರಂಗವ್ವನ ಮನೆಯ ಗಂಡಸರನ್ನು ಹುಡುಕಿಕೊಂಡು ಬರುವ ಸಾವಿಗೆ ಗುರುತು ತಪ್ಪಲಿ ಎಂದು. ನಾನು ಬೆಳೆದದ್ದು ರಂಗವ್ವನ ಮನೆಯಲ್ಲೇ. ಮೊಲೆ ಕೊಟ್ಟಳು, ಮಗ ಅನ್ನಲಿಲ್ಲ. "ಏ ಸಾಬರ ಹುಡುಗಾ, ರೊಟ್ಟಿ ತಿನ್ನು ಬಾರೋ" ಅನ್ನುತ್ತಿದ್ದಳು. ಜ್ವರದಲ್ಲಿ ಹಣೆ ಮುಟ್ಟುವಾಗಲೂ ಗಟ್ಟಿಯಾಗಿ ಸಾರುತ್ತಿದ್ದಳು: "ಇದು ನಮ್ಮ ಕೂಸಲ್ಲ!" ಆಗ ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

ಗೇಟಿನ ಮುಂದೆ ಕುಸಿದ ದಿನ ಡಾಕ್ಟರು ನನ್ನನ್ನು ಕೇಳಿದರು: "ನಿಮ್ಮ ತಂದೆಗೆ ಎದೆನೋವಿತ್ತೆ? ಒಡಹುಟ್ಟಿದವರು ಯಾರಾದರೂ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದಾರೆಯೇ?" ನಾನು ಬಾಯಿ ತೆರೆಯುವ ಮುಂಚೆ ರಂಗವ್ವ ಅಡ್ಡ ಬಂದಳು. "ಇವ್ನು ಹಯಾತ್ ಸಾಬ್ರ ಮಗ ರೀ. ಸಾಬ್ರು ಎಪ್ಪತ್ತು ದಾಟಿ ಇನ್ನೂ ಮಂಡಕ್ಕಿ ಚೀಲ ಹೊರ್ತಾರೆ. ಕಲ್ಲಿನಂಗ ಅದಾರೆ." ಡಾಕ್ಟರು ನಕ್ಕರು. ಹಾಗಾದರೆ ಗ್ಯಾಸಿರಬೇಕು ಎಂದು ಬಾಟಲಿಯಲ್ಲಿ ಔಷಧ ಕೊಟ್ಟರು.

ಅವರ ತಪ್ಪೇನು, ಸಭಿಕರೇ? ದೊಡ್ಡ ಮನೆಗಳಿಗೆ ವಂಶಾವಳಿ ಇದೆ. ನಮಗಿರುವುದು ದಿಢೀರ್ ಸಾವು. ನಮ್ಮಪ್ಪಂದಿರು ಯಾತರಿಂದ ಸತ್ತರು ಎಂದು ಈ ದೇಶದಲ್ಲಿ ಯಾರು ಕೇಳಿದ್ದರು? ಸ್ವಾತಂತ್ರ್ಯ ಬಂದು ಹದಿನೇಳು ವರ್ಷಕ್ಕೆ ಒಬ್ಬರು ಕೇಳಿದರು, ಅಷ್ಟರಲ್ಲಿ ನಮ್ಮ ಹೆಂಗಸರು ಸಾವಿನ ಜೊತೆಗೇ ವ್ಯಾಪಾರ ಕುದುರಿಸಿಕೊಂಡಿದ್ದರು. ಅದು ಅವರ ಮೂಢತನವೇ? ಅಲ್ಲ. ಕೇಳುವವರಿಲ್ಲದ ಕೇರಿಯಲ್ಲಿ ತಾಯಿಗೆ ಉಳಿದಿದ್ದ ಒಂದೇ ಔಷಧ ಅದು!

ಡಾಕ್ಟರೇ, ರೈಲು ಹತ್ತುವ ಮುಂಚೆ ಕೇಳಿ. ನಾನು ಅಜ್ಜಪ್ಪನ ಮಗ. ಕೊಟ್ಟೂರಪ್ಪನ ಒಡಹುಟ್ಟು. ಅವರು ಸತ್ತ ವಯಸ್ಸು ನನಗೀಗ ಬಂದಿದೆ. ಅವರ ರಕ್ತ ನನ್ನಲ್ಲಿ ಹರಿಯುತ್ತಿದೆ. ಇದನ್ನು ತಿಳಿದುಕೊಂಡು ಇನ್ನೊಮ್ಮೆ ನನ್ನ ಎದೆ ನೋಡಿ. ಹಜೀರಾ ಅಮ್ಮಾ, ನೀನು ಮುಖ ಸಣ್ಣ ಮಾಡಬ್ಯಾಡ. ನಾನು ನಿನ್ನ ಮಗನೂ ಹೌದು, ತವುಡು ವಾಪಸು ಕೊಡುವುದಿಲ್ಲ.

ಅಗೋ, ಹೆಂಗಸರ ಸಾಲಿನಲ್ಲಿ ರಂಗವ್ವ ಎದ್ದಳು. ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾಳೆ. ಸಾಕು ಅವ್ವಾ. ಒಂದೇ ಒಂದು ಸಲ ಕರಿ. ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲಿ.

ಕರೆದಳು. "ಮಗಾ" ಅಂದಳು. ನೀವೂ ಕೇಳಿದಿರಿ.

ಆದರೆ ಸಭಿಕರೇ, ಕರೆದ ಮೇಲೆ ಅವಳು ನನ್ನ ಕಡೆ ನೋಡುತ್ತಿಲ್ಲ. ಹಿಂದಿನ ಬಾಗಿಲ ಕಡೆ ನೋಡುತ್ತಿದ್ದಾಳೆ. ಗಂಡ ಒಳಗೆ ಬಂದಾಗ ಎಳೆದುಕೊಳ್ಳುವ ಹಾಗೆ ಸೆರಗನ್ನು ತಲೆಗೆ ಎಳೆದುಕೊಂಡಳು. ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಯಾರೂ ಹಿಂತಿರುಗಿ ನೋಡಬೇಡಿ. ಡಾಕ್ಟರೇ, ಕೂತೇ ಇರಿ, ನಾನೇ ನಿಮ್ಮ ಹತ್ತಿರ ಬರುತ್ತಿದ್ದೇನೆ. ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಉಪಕಾರ. ನಮಸ್ಕಾರ.